ಲೀಡ್ಸಿನ ಗೆಟ್ಟು, ತಿಪಟೂರಿನ ಅಬ್ಟೇನು

ಜನವರಿಯಲ್ಲಿ ಬಾಯ್ಲರ್ ಕೈಕೊಟ್ಟರೆ ಇಂಗ್ಲೆಂಡಿನ ಲೀಡ್ಸಿನಲ್ಲಿ ಬಿಸಿನೀರೂ ಇಲ್ಲ, ಮನೆಯೂ ಬೆಚ್ಚಗಿರುವುದಿಲ್ಲ. ಈ ವರ್ಷ ನಮ್ಮದು ಸಂಕ್ರಾಂತಿಯ ಹಿಂದಿನ ದಿನ ನಿಂತಿತು. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದ ಹೆಂಡತಿ ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು, "ಮೊದ್ಲು ಆ ರಿಪೇರಿಯವನಿಗೆ ಮೆಸೇಜ್ ಹಾಕಿ" ಎಂದಳು. ಹಾಕಿದೆ. ನನ್ನ ಯಾವತ್ತಿನ ಇಂಗ್ಲಿಷಿನಲ್ಲೇ ಹಾಕಿದೆ. "ದಿಸ್ ಈಸ್ ಟು ಇನ್‌ಫಾರ್ಮ್ ಯೂ ದಟ್ ಅವರ್ ಬಾಯ್ಲರ್ ಹ್ಯಾಸ್ ಸ್ಟಾಪ್ಡ್ ಫಂಕ್ಷನಿಂಗ್. ಕೈಂಡ್ಲಿ ಅಟೆಂಡ್ ಟು ದ ಸೇಮ್ ಅಟ್ ದಿ ಅರ್ಲಿಯೆಸ್ಟ್."

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಗಾಟ್ ಯುವರ್ ಮೆಸೇಜ್. ಗಾಟ್ ಟು ಗೆಟ್ ಎ ಪಾರ್ಟ್ ಫಸ್ಟ್. ಕಾಂಟ್ ಗೆಟ್ ದೇರ್ ಟಿಲ್ ಫೋರ್. ವಿಲ್ ಗೆಟ್ ಇಟ್ ಸಾರ್ಟೆಡ್."

ಹೆಂಡತಿ ಎರಡನ್ನೂ ಒಂದರ ಕೆಳಗೊಂದು ಓದಿ ನಗುವುದಕ್ಕೆ ಶುರು ಮಾಡಿದಳು. "ನಿಮ್ದು ತಾಲ್ಲೂಕ್ ಆಫೀಸಿಗೆ ಹಾಕಿದ ಅರ್ಜಿ ಥರ ಇದೆ ಕಣ್ರೀ. ಅವನು ನೋಡಿ, ಮಾತಾಡೋ ಹಾಗೇ ಬರ್ದಿದಾನೆ." ಅವಳ ಅಪ್ಪ ಶಿರಸ್ತೇದಾರರಾಗಿದ್ದವರು. ಹಾಗಾಗಿ ತಾಲ್ಲೂಕು ಆಫೀಸಿನ ಅರ್ಜಿ ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಚುರುಕ್ ಅಂದಿತು. ಆದರೂ ಆ ಉತ್ತರವನ್ನು ಮತ್ತೆ ತೆಗೆದು ನೋಡಿದೆ. ನಾಲ್ಕೇ ಸಾಲು. ಮೆಸೇಜ್ ತಲುಪಿತು, ಸಾಮಾನು ತರಬೇಕು, ನಾಲ್ಕರ ತನಕ ಬರೋಕಾಗಲ್ಲ, ಸರಿ ಮಾಡ್ತೀನಿ. ತಲುಪುವುದು, ಮಾಡಲೇಬೇಕಾಗಿರುವುದು, ತರುವುದು, ಬರುವುದು, ಮುಗಿಸುವುದು, ಎಲ್ಲಕ್ಕೂ ಗೆಟ್ ಎಂಬ ಅದೊಂದೇ ಪದ. ಕನ್ನಡದಲ್ಲಿ ಐದು ಬೇಕು.

ನಾಲ್ಕೂವರೆಗೆ ಬಂದ, ಸರಿ ಮಾಡಿದ, ಹೋದ. ಆದರೆ ಆ ಗೆಟ್ ನನ್ನ ತಲೆಯಿಂದ ಹೋಗಲಿಲ್ಲ.

ನಾನು ಓದಿದ್ದು ತಿಪಟೂರಿನಲ್ಲಿ, ಕನ್ನಡ ಮೀಡಿಯಂ. ಎಬಿಸಿಡಿ ಬಂದಿದ್ದು ಐದನೇ ಕ್ಲಾಸಿಗೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಂಪು ಪೆನ್ನಿಗೆ ಗೆಟ್ ಕಂಡರೆ ಆಗುತ್ತಿರಲಿಲ್ಲ. "ಐ ಗಾಟ್ ಎ ಪ್ರೈಜ್" ಎಂದು ಬರೆದರೆ ಅಡ್ಡಗೆರೆ. ಪಕ್ಕದಲ್ಲಿ "ವಾಸ್ ಅವಾರ್ಡೆಡ್". "ಐ ಗಾಟ್ ಎ ಲೆಟರ್" ಅಂದರೆ "ರಿಸೀವ್ಡ್". ಸಿಕ್ಕಿದ್ದಕ್ಕೆಲ್ಲ ಅಬ್ಟೇನ್. "ಗೆಟ್ ಅನ್ನೋದು ಸೋಮಾರಿ ಪದ ಕಣೋ, ಬೇರೆ ಗೊತ್ತಿಲ್ದೋರು ಬರೆಯೋದು" ಎನ್ನುತ್ತಿದ್ದರು. ರಜೆ ಚೀಟಿಯಂತೂ ನಿಮಗೂ ಬಾಯಿಪಾಠ ಇರುತ್ತದೆ. ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮಿ ಲೀವ್. ಜ್ವರ ಇರಲಿ ಬಿಡಲಿ, ಆ ವಾಕ್ಯ ಇರಲೇಬೇಕು. ಇಲ್ಲಿ ಮಗಳ ಶಾಲೆಗೆ ಬೇರೆ ಅಮ್ಮಂದಿರು ಕಳಿಸುವ ಮೆಸೇಜುಗಳನ್ನು ನೋಡಿದ್ದೇನೆ. "ಶಿ'ಸ್ ಗಾಟ್ ಎ ಟೆಂಪರೇಚರ್." ಅಷ್ಟೇ. ಯಾರೂ ಏನನ್ನೂ ಗ್ರಾಂಟ್ ಮಾಡಬೇಕಾಗಿಲ್ಲ.

ಮೇಷ್ಟ್ರ ಮಾತು ಕೇಳಿ ಈ ಊರಿಗೆ ಬಂದವರು ಒಂದು ದಿನ ಪೂರ್ತಿ ಗೆಟ್ ಇಲ್ಲದೆ ಇದ್ದು ನೋಡಲಿ. ಬೆಳಿಗ್ಗೆ ಏಳುವುದು ಗೆಟ್ ಅಪ್. ಬಟ್ಟೆ ಹಾಕಿಕೊಳ್ಳುವುದು ಗೆಟ್ ಡ್ರೆಸ್ಡ್. ಹೊರಡು ಎಂದು ಮಗಳಿಗೆ ಹೇಳುವುದು ಗೆಟ್ ಗೋಯಿಂಗ್. ಬಸ್ಸು ಹತ್ತಿದರೆ ಗೆಟ್ ಆನ್, ಇಳಿದರೆ ಗೆಟ್ ಆಫ್. ಕಾರಾದರೆ ಇನ್ ಮತ್ತು ಔಟ್, ಯಾಕೆ ಅಂತ ಕೇಳಬಾರದು. ಕಟಿಂಗ್ ಮಾಡಿಸಿಕೊಂಡರೆ ಗೆಟ್, ಮದುವೆಯಾದರೆ ಗೆಟ್, ಕೆಲಸ ಹೋದರೂ ಗೆಟ್ ಸ್ಯಾಕ್ಡ್. ಬಾಗಿಲು ಬೆಲ್ಲಾದಾಗ ಎದ್ದವರು "ಐ'ಲ್ ಗೆಟ್ ಇಟ್" ಎನ್ನುತ್ತಾರೆ. ಡಿಸೆಂಬರಿನಲ್ಲಿ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿದಾಗ ಇಟ್ ಗೆಟ್ಸ್ ಡಾರ್ಕ್. ಮನಸ್ಸಿಗೆ ಕಷ್ಟವಾದರೆ ಇಟ್ ಗೆಟ್ಸ್ ಯೂ ಡೌನ್. ಅದನ್ನು ದಾಟಿ ಬಂದರೆ ಗೆಟ್ ಓವರ್. ದಾಟಲಾಗದೆ ಹೇಗೋ ದಿನ ದೂಡುತ್ತಿದ್ದರೆ ಗೆಟ್ ಬೈ. ತಪ್ಪು ಮಾಡಿ ಸಿಕ್ಕಿಬೀಳದಿದ್ದರೆ ಗೆಟ್ ಅವೇ ವಿತ್. ಇದರಲ್ಲಿ ಒಂದು ಕಡೆಯೂ ಅಬ್ಟೇನ್ ಕೂರುವುದಿಲ್ಲ.

ನಿಘಂಟು ಮಾಡುವವರಿಗೆ ಈ ಸಣ್ಣ ಪದಗಳೇ ದೊಡ್ಡ ತಲೆನೋವು. ಆಕ್ಸ್‌ಫರ್ಡ್ ನಿಘಂಟಿನವರ ಲೆಕ್ಕದಲ್ಲಿ ರನ್ ಎಂಬ ಕ್ರಿಯಾಪದ ಒಂದಕ್ಕೇ 645 ಅರ್ಥ. ಅದಕ್ಕೂ ಮುಂಚೆ ಸೆಟ್ ಮುಂದಿತ್ತು. 1755ರಲ್ಲಿ ತನ್ನ ನಿಘಂಟು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಮುನ್ನುಡಿಯಲ್ಲೇ ಕೈಚೆಲ್ಲಿದ್ದಾನೆ. ಗೆಟ್, ಗಿವ್, ಪುಟ್, ಸೆಟ್, ಟೇಕ್ ಇವುಗಳ ಅರ್ಥ ಗಳಿಗೆಗೊಂದು ರೀತಿ ಜಾಗ ಬದಲಾಯಿಸುತ್ತದೆ, ಬಿರುಗಾಳಿಗೆ ಸಿಕ್ಕಿದ ತೋಪಿನ ಚಿತ್ರವನ್ನು ನೀರಿನಲ್ಲಿ ಕಾಣುವ ನೆರಳು ನೋಡಿ ಬರೆಯೋಕಾಗುತ್ತಾ ಎಂಬ ಅರ್ಥದಲ್ಲಿ ಬರೆದ. ಅಂಥವನಿಗೇ ಹಾಗಾದರೆ ನಮ್ಮ ಮೇಷ್ಟ್ರು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದು ಒಂದು ಲೆಕ್ಕಕ್ಕೆ ಬುದ್ಧಿವಂತಿಕೆ.

ಮೊನ್ನೆ ಬೇಸಿಗೆಯಲ್ಲಿ ಮಾವ ಬಂದಿದ್ದರು. ಹೆಂಡತಿಯ ಅಪ್ಪ, ಅದೇ ಶಿರಸ್ತೇದಾರರು. ಅವರ ಇಂಗ್ಲಿಷ್ ನನ್ನದಕ್ಕಿಂತ ಜಾಸ್ತಿ ಗಟ್ಟಿ. ಟೈಪ್‌ರೈಟರಿನಲ್ಲಿ ಹೊಡೆದ ಹಾಗೆ ಮಾತಾಡುತ್ತಾರೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ, "ಹೌ ಆರ್ ಯೂ ಗೆಟಿಂಗ್ ಆನ್, ಲವ್?" ಅಂದರು. ಮಾವ ಆ ಲವ್‌ಗೇ ಅರ್ಧ ನಾಚಿಕೊಂಡರು. ಲೀಡ್ಸಿನಲ್ಲಿ ಬಸ್ ಡ್ರೈವರನೂ ಲವ್ ಅನ್ನುತ್ತಾನೆ ಎಂದು ನಾನು ಮೊದಲೇ ಹೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಳಿಯಂದ್ರೇ, ಎಲ್ಲಿಗೆ ಹತ್ತೋದು ಅಂತ ಕೇಳ್ತಿದಾರೆ ಇವ್ರು? ನಾವು ನಿಂತೇ ಇದೀವಲ್ಲ" ಅಂದರು.

"ಹೇಗಿದೀರಾ ಅಂತ ಮಾವ."

"ಐ ಆಮ್ ಕೀಪಿಂಗ್ ಗುಡ್ ಹೆಲ್ತ್ ಬೈ ಗಾಡ್ಸ್ ಗ್ರೇಸ್, ಮೇಡಂ" ಅಂತ ಮಾವ. ಅಜ್ಜಿಗೆ ಖುಷಿಯಾಯಿತು. ತಮಗೂ ವಯಸ್ಸು ಎಂಬತ್ತರ ಹತ್ತಿರ ಬಂತು ಎಂದರು, ಅದಕ್ಕೂ ಗೆಟಿಂಗ್ ಆನ್ ಫಾರ್ ಏಯ್ಟಿ. ಮಾವ ತಮಗೆ ಎಂಬತ್ತು ಆಗಲೇ ದಾಟಿದೆ ಎಂದರು. ತಲೆಗೂದಲು ಇನ್ನೂ ಕಪ್ಪಿರುವ ಮನುಷ್ಯ. ಅಜ್ಜಿ ಕಣ್ಣರಳಿಸಿ, "ಗೆರವೇ!" ಅಂದರು.

ಗೆಟ್ ಅವೇ. ಲೀಡ್ಸ್ ಇರುವ ಯಾರ್ಕ್‌ಶೈರಿನ ಬಾಯಲ್ಲಿ ಟಕಾರ ಕರಗಿ ರ ಆಗುತ್ತದೆ. ಗೆಟ್ ಆಫ್ ಅನ್ನುವುದು ಗೆರಾಫ್, ಶಟ್ ಅಪ್ ಅನ್ನುವುದು ಶರಪ್. ಮಾವನಿಗೆ ಅದು ಕೇಳಿಸಿದ್ದು ಸರಿಯಾಗೇ. ಅರ್ಥ ಮಾತ್ರ ಆಚೆ ಹೋಗು ಎಂದು ಆಯಿತು. ಮುಖ ಸಣ್ಣಗಾಯಿತು. "ಇಲ್ಲ ಮಾವ, ನಮ್ಮಲ್ಲಿ ಹೋಗ್ರೀ ಅಂತಾರಲ್ಲ, ಹೋಗ್ರೀ ನೀವು, ಸುಮ್ನೆ ಹೇಳ್ತೀರಾ ಅಂತ, ಅದು" ಎಂದೆ. ಅಷ್ಟೇ ಸಾಕಾಯಿತು. ಅಬ್ಟೇನ್ ಮತ್ತು ರಿಸೀವ್ ಗೊತ್ತಿದ್ದ ಮನುಷ್ಯನಿಗೆ ಗೆರವೇ ಅರ್ಥವಾಗಿದ್ದು ಹೋಗ್ರೀ ಮೂಲಕ. ಊರಿಗೆ ವಾಪಸ್ಸು ಹೋಗುವ ತನಕ ಏನು ಹೇಳಿದರೂ ಗೆರವೇ ಗೆರವೇ ಎನ್ನುತ್ತಿದ್ದರು.

ಇನ್ನೊಂದು ಕೇಳಿದ ಕಥೆ. ದಾವಣಗೆರೆಯಿಂದ ಎಂಎಸ್ ಓದಲು ಹೊಸದಾಗಿ ಬಂದ ಹುಡುಗ, ಕ್ಲಾಸಿನವರ ಜೊತೆ ಪಬ್ಬಿಗೆ ಹೋಗಿದ್ದಾನೆ. ಒಬ್ಬ "ಐ'ಲ್ ಗೆಟ್ ದೀಸ್" ಅಂದ. ಈ ಹುಡುಗ ಪಾಪ, ಗ್ಲಾಸುಗಳನ್ನು ಎತ್ತಿಕೊಂಡು ಬರುತ್ತೇನೆ ಅನ್ನುತ್ತಿದ್ದಾನೆ ಎಂದುಕೊಂಡು, "ನೋ ನೋ, ಐ ವಿಲ್ ಕ್ಯಾರಿ" ಅಂತ ತಾನೇ ಎಲ್ಲವನ್ನೂ ಹೊತ್ತುಕೊಂಡು ಬಂದ. ಆ ಮಾತಿಗೆ ಈ ಸಲ ದುಡ್ಡು ನಾನು ಕೊಡ್ತೀನಿ ಎಂದು ಅರ್ಥ. ಮುಂದಿನ ಸಲ ನಿನ್ನದು ಎಂಬುದು ಹೇಳದೆಯೇ ಅದರಲ್ಲಿದೆ. ಅವನ ಸರದಿ ಬಂದಾಗ ಎಲ್ಲರೂ ಖಾಲಿ ಗ್ಲಾಸು ಹಿಡಿದು ಅವನ ಮುಖ ನೋಡುತ್ತಾ ಕೂತಿದ್ದರಂತೆ. ಈ ಹುಡುಗನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳಿದರೆ ನಮ್ಮ ಮೇಷ್ಟ್ರು ಸನ್ಮಾನ ಮಾಡುತ್ತಿದ್ದರು.

ಯಾಕೆ ಹೀಗೆ ಎಂದು ಯೋಚಿಸಿದರೆ ಉತ್ತರ ಲೀಡ್ಸಿನ ಬೀದಿಗಳಲ್ಲೇ ಇದೆ. ಇಲ್ಲಿನ ಮುಖ್ಯ ಬೀದಿಗಳ ಹೆಸರು ಬ್ರಿಗ್ಗೇಟ್, ಕರ್ಕ್‌ಗೇಟ್. ಮಾವ ಗೇಟ್ ಎಲ್ಲಿ ಎಂದು ಹುಡುಕಿದರು. ಗೇಟ್ ಇಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ಭಾಷೆಯಲ್ಲಿ ಗಾಟಾ ಎಂದರೆ ಬೀದಿ. 866ರಲ್ಲಿ ಅವರು ಪಕ್ಕದ ಯಾರ್ಕ್ ಊರನ್ನು ಹಿಡಿದರು, ಸುತ್ತಮುತ್ತ ನೆಲೆ ನಿಂತರು, ಉತ್ತು ಬಿತ್ತಿದರು, ಇಲ್ಲಿಯವರ ಜೊತೆ ಕೊಟ್ಟು ತಂದರು. ಅವರ ಬಾಯಿಂದ ಇಂಗ್ಲಿಷಿಗೆ ಬಂದ ಪದಗಳು ಅಂಥವೇ. ಎಗ್, ನೈಫ್, ಸ್ಕೈ, ವಿಂಡೋ, ಟೇಕ್. ಗೆಟ್ ಕೂಡ ಅವರದೇ, ಗೆಟಾ. ಬರಹದಲ್ಲಿ ಕಾಣಿಸಿಕೊಳ್ಳುವುದು ಸುಮಾರು 1200ರ ಹೊತ್ತಿಗೆ. ಅಷ್ಟರಲ್ಲಿ, 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಆಳುವವರ ಭಾಷೆ ಫ್ರೆಂಚ್ ಆಗಿತ್ತು. ಅಬ್ಟೇನ್, ರಿಸೀವ್, ಪರ್ಚೇಸ್, ಕಮೆನ್ಸ್ ಎಲ್ಲ ಆ ಕಡೆಯಿಂದ, ಅರಮನೆ ಮತ್ತು ಕೋರ್ಟಿನ ಬಾಗಿಲಿಂದ ಬಂದವು.

ನಮ್ಮ ಊರಿಗೆ ಇಂಗ್ಲಿಷ್ ಬಂದಿದ್ದು ಯಾವ ಬಾಗಿಲಿಂದ ಹೇಳಿ? ಅಡುಗೆಮನೆಯಿಂದ ಅಲ್ಲ. ಹೊಲದಿಂದ ಅಲ್ಲ. ಕಚೇರಿಯಿಂದ. ಹಾಗಾಗಿ ನಮಗೆ ಬಂದಿದ್ದು ಆ ಅರ್ಧ ಮಾತ್ರ. ಅಮ್ಮ ಮಗುವಿಗೆ ಬೈಯುವ ಇಂಗ್ಲಿಷ್, ಗೆಳೆಯ ಗೆಳೆಯನನ್ನು ಕಿಚಾಯಿಸುವ ಇಂಗ್ಲಿಷ್ ನಾವು ಕೇಳಿಯೇ ಇಲ್ಲ. "ಡೂ ದ ನೀಡ್‌ಫುಲ್" ಎಂದು ನಾವು ಇವತ್ತೂ ಬರೆಯುತ್ತೇವೆ. ಅದನ್ನು ಕಲಿಸಿದವರ ಊರಿನಲ್ಲೇ ಅದು ಸತ್ತು ಎಷ್ಟೋ ಕಾಲವಾಯಿತು.

ಇಷ್ಟಾದರೂ ನನಗೆ ಸಿಟ್ಟು ಬಂದಿದ್ದು ಇಂಗ್ಲಿಷಿನ ವಿಷಯಕ್ಕಲ್ಲ. ಈ ದೇಶದ ಸರ್ಕಾರದ ವೆಬ್‌ಸೈಟು ನೋಡಿ. ಗವ್ ಡಾಟ್ ಯುಕೆ, 2012ರಲ್ಲಿ ಶುರುವಾಗಿದ್ದು. ಅಲ್ಲಿ ವಿಚ್ಛೇದನದ ಪುಟದ ತಲೆಬರಹವೇ "ಗೆಟ್ ಎ ಡಿವೋರ್ಸ್". ಅಂಗಡಿಗೆ ಹೋಗಿ ಹಾಲು ತಗೊಂಡು ಬಾ ಅನ್ನುವುದಕ್ಕೂ ಅದೇ ಪದ. ಮೇಷ್ಟ್ರಾಗಬೇಕೆನ್ನುವವರಿಗೆ ಸರ್ಕಾರ ನಡೆಸುವ ಸೇವೆಯ ಹೆಸರು ಗೆಟ್ ಇನ್‌ಟು ಟೀಚಿಂಗ್. ಪರ್ಚೇಸ್ ಬೇಡ, ಬೈ ಅನ್ನಿ, ಅಸಿಸ್ಟ್ ಬೇಡ, ಹೆಲ್ಪ್ ಅನ್ನಿ ಎಂದು ಬರೆಯುವ ನೌಕರರಿಗೇ ನಿಯಮ ಮಾಡಿಟ್ಟಿದ್ದಾರೆ. ಇದು ತಾನಾಗೇ ಆಗಿದ್ದಲ್ಲ. 1979ರಲ್ಲಿ ಕ್ರಿಸ್ಸಿ ಮೇಹರ್ ಎಂಬ ಹೆಂಗಸು ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿಂತು, ಅರ್ಥವಾಗದ ಸರ್ಕಾರಿ ಫಾರಂಗಳನ್ನು ಎಲ್ಲರ ಮುಂದೆ ಚೂರು ಚೂರು ಮಾಡಿದರು. ಅಲ್ಲಿಂದ ಶುರುವಾಗಿದ್ದು ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಎಂಬ ಸರಳ ಇಂಗ್ಲಿಷಿನ ಚಳವಳಿ. ಆಕೆ ಸಣ್ಣವರಿದ್ದಾಗ ಶಾಲೆಗೆ ಸರಿಯಾಗಿ ಹೋದವರೂ ಅಲ್ಲ. ಇರಲಿ, ಸಣ್ಣ ಪದಗಳಿಂದ ಆಟ ಆಡುವುದೂ ಇವರಿಗೆ ಗೊತ್ತು. 2019ರ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಗೆದ್ದಿದ್ದು "ಗೆಟ್ ಬ್ರೆಕ್ಸಿಟ್ ಡನ್" ಎಂಬ ಮೂರು ಪದಗಳ ಮೇಲೆ. ಯುರೋಪಿನ ಒಕ್ಕೂಟ ಬಿಡುವುದು ಹೇಗೆ ಎಂದು ಅದರಲ್ಲಿ ಇರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ನಾಡಕಚೇರಿಯ ಗೋಡೆಯ ಮೇಲೆ ಅಂಟಿಸಿದ ಕಾಗದ ಓದಿ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುತ್ತದೆ. ಅರ್ಜಿ ಕೊಡಿ ಅಂತ ಇರುವುದಿಲ್ಲ, ಸಲ್ಲಿಸತಕ್ಕದ್ದು. ರಸೀತಿ ತಗೊಳ್ಳಿ ಅಂತ ಇರುವುದಿಲ್ಲ, ಪಡೆದುಕೊಳ್ಳತಕ್ಕದ್ದು. ಹೋದ ಸಲ ಊರಿಗೆ ಬಂದಾಗ ಹೀಗೇ ಒಂದು ಕಚೇರಿಯಲ್ಲಿ ನಿಂತಿದ್ದೆ. ನನ್ನ ಮುಂದೆ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ಆ ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿದರು. ಓದು ಬರುತ್ತಿತ್ತು. ಮುಗಿಸಿ ನನ್ನ ಕಡೆ ತಿರುಗಿ, "ಏನಂತೆ ಸ್ವಾಮಿ?" ಎಂದರು. ಕನ್ನಡದಲ್ಲಿ ಬರೆದದ್ದನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ. ಬುಧವಾರ ಬರ್ಬೇಕಂತೆ, ಆಧಾರ್ ತರ್ಬೇಕಂತೆ. ಅಷ್ಟಕ್ಕೆ ಅಷ್ಟು ದೊಡ್ಡ ಕಾಗದ.

ಇನ್ನು ನಮ್ಮ ಪೇಪರಿನಲ್ಲಿ ಮಂತ್ರಿ ಬರುವುದಿಲ್ಲ, ಆಗಮಿಸುತ್ತಾರೆ. ಹೋಗುವುದಿಲ್ಲ, ತೆರಳುತ್ತಾರೆ.

ಪದ ಇಲ್ಲದೆ ಹೀಗೆ ಮಾಡುತ್ತೇವಾ? ಬಿಡು ಎಂಬ ಒಂದನ್ನು ತಗೊಳ್ಳಿ ಸಾಕು. ಬಸ್ ಬಿಡ್ತು ಅಂದರೆ ಹೊರಟಿತು. ಶಾಲೆ ಬಿಡ್ತು ಅಂದರೆ ಮುಗಿಯಿತು. ಮಳೆ ಬಿಟ್ಟರೆ ನಿಂತಿತು, ಮಲ್ಲಿಗೆ ಬಿಟ್ಟರೆ ಅರಳಿತು. ಬೀಡಿ ಬಿಟ್ಟವನು ಒಳ್ಳೆಯವನಾದ, ಗಡ್ಡ ಬಿಟ್ಟವನಿಗೆ ಏನೋ ಆಗಿದೆ. ಸೀರೆ ಬಣ್ಣ ಬಿಡುತ್ತದೆ, ಹಳೇ ಗೆಳೆಯ ರೈಲು ಬಿಡುತ್ತಾನೆ. ಪಂಚೆ ಬಿಟ್ಟು ಪ್ಯಾಂಟು ಹಾಕು ಎನ್ನುತ್ತಾಳೆ ಅಮ್ಮ. ಅವಳನ್ನ ಬಿಟ್ರೆ ನಂಗ್ಯಾರಿದಾರೆ ಎನ್ನುತ್ತಾರೆ ಅಪ್ಪ. ಬೇರೆ ಕ್ರಿಯಾಪದದ ಬಾಲಕ್ಕೆ ಸೇರಿದರಂತೂ ಕೇಳುವುದೇ ಬೇಡ. ಬಿದ್ದ ಅನ್ನುವುದಕ್ಕೂ ಬಿದ್ಬಿಟ್ಟ ಅನ್ನುವುದಕ್ಕೂ ನಡುವೆ ಒಂದು ಅಯ್ಯೋ ಇದೆ. ಬಂದೆ ಅನ್ನುವುದು ಸುದ್ದಿ, ಬಂದ್ಬಿಟ್ಟೆ ಇರು ಅನ್ನುವುದು ಇನ್ನೂ ಮನೆಯಿಂದಲೇ ಹೊರಡದವನ ಮಾತು. ಹಾಕು, ಹಿಡಿ, ಹೊಡಿ, ಕೊಳ್ಳು ಇವುಗಳದ್ದು ಇನ್ನೊಂದು ಸಂತೆ. ಇಷ್ಟೆಲ್ಲ ಇಟ್ಟುಕೊಂಡು, ಪೆನ್ನು ಹಿಡಿದ ತಕ್ಷಣ ನಾವು ವಿಸರ್ಜಿಸಿ, ತ್ಯಜಿಸಿ, ಪರಿತ್ಯಜಿಸುತ್ತೇವೆ. ಆ ಹೈಸ್ಕೂಲ್ ಮೇಷ್ಟ್ರ ಕೆಂಪು ಪೆನ್ನು ಕನ್ನಡಕ್ಕೂ ಬಂದುಬಿಟ್ಟಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ನಮ್ಮದೇ ಚೆಂದ. ಇಂಗ್ಲಿಷಿನವರಿಗೆ ಕೋಪವನ್ನೂ ಜ್ವರವನ್ನೂ ತಾವೇ ಗೆಟ್ ಮಾಡಿಕೊಳ್ಳಬೇಕು. ಐ ಗಾಟ್ ಆಂಗ್ರಿ, ಐ ಗಾಟ್ ಎ ಕೋಲ್ಡ್. ಎಲ್ಲದರ ಮುಂದೆ ಒಬ್ಬ ನಾನು ನಿಂತಿರಬೇಕು. ನಮಗೆ ಕೋಪ ತಾನಾಗೇ ಬರುತ್ತದೆ, ನೆಗಡಿ ಆಗುತ್ತದೆ, ನಿದ್ದೆ ಹತ್ತುತ್ತದೆ, ಮದುವೆಯೂ ಆಗಿಹೋಗುತ್ತದೆ. ನಾವು ಸುಮ್ನೆ ಇರುತ್ತೇವೆ. ತಪ್ಪು ನಮ್ಮದಲ್ಲವಲ್ಲ ಎಂಬ ಸಮಾಧಾನ ವ್ಯಾಕರಣದಲ್ಲೇ ಇದೆ. ಇದನ್ನು ಒಬ್ಬ ಇಂಗ್ಲಿಷ್ ಸಹೋದ್ಯೋಗಿಗೆ ಹೇಳಿದರೆ, "ಇಟ್ ಗಾಟ್ ಡಾರ್ಕ್ ಅಂತ ನಾವೂ ಅಂತೀವಿ, ಅಲ್ಲಿ ಯಾರು ಏನು ತಗೊಂಡ್ರು?" ಅಂದ. ಅಲ್ಲಿಗೆ ಆ ಮಾತು ನಿಂತಿತು. ಆದರೂ ಇಲ್ಲಿ ಫೆಬ್ರವರಿಯಲ್ಲಿ ಮೂಗು ಕಟ್ಟಿಕೊಂಡು ಮಲಗಿದಾಗ, ನೆಗಡಿಯನ್ನು ನಾನು ಗೆಟ್ ಮಾಡಿದೆ ಎನ್ನಲು ಬಾಯಿ ಬರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ್ದು ಒಂದೆರಡು ಇದೆ. ಇಂಗ್ಲಿಷಿನವರೆಲ್ಲ ಗೆಟ್‌ನ ಭಕ್ತರೇನಲ್ಲ. ಗಾಟ್ ಬರೆಯಬೇಡ ಎಂದು ಶಾಲೆಯಲ್ಲಿ ಬೈಸಿಕೊಂಡ ಹಳೆಯ ತಲೆಗಳು ಇಲ್ಲೂ ಬೇಕಾದಷ್ಟಿವೆ. ಕಾಫಿ ಅಂಗಡಿಯಲ್ಲಿ ಹುಡುಗರು "ಕ್ಯಾನ್ ಐ ಗೆಟ್ ಎ ಲಾಟೆ" ಎಂದರೆ ಹಿಂದೆ ನಿಂತ ಹಿರಿಯರ ಹುಬ್ಬು ಮೇಲೇರುತ್ತದೆ, ಅದು ಅಮೆರಿಕದ ಚಾಳಿ ಎಂದು. ಗಾಟ್ ಬದಲು ಗಾಟನ್ ಎಂದರೂ ಹಾಗೇ ಮೂಗು ಮುರಿಯುತ್ತಾರೆ. ಅದು ಇವರದೇ 1611ರ ಬೈಬಲಿನಲ್ಲಿದೆ, ಅಮೆರಿಕಕ್ಕೆ ಹೋಗಿ ಉಳಿದುಕೊಂಡಿದೆ ಅಷ್ಟೇ. ರೈಲಿನಲ್ಲಿ ಘೋಷಣೆಯವಳು ಇಳಿಯಿರಿ ಎನ್ನಲು ಇವತ್ತಿಗೂ "ಅಲೈಟ್ ಹಿಯರ್" ಎನ್ನುತ್ತಾಳೆ. ಮನೆಯಲ್ಲಿ ಯಾರೂ ಅಲೈಟ್ ಆಗುವುದಿಲ್ಲ.

ಮತ್ತೆ ಹೊರಗಿನಿಂದ ಬಂದು ಕಲಿಯುವವನಿಗೆ ಗೆಟ್ ಮಹಾ ಮೋಸದ ಪದ. ಅಬ್ಟೇನ್‌ಗೆ ಬಹುಮಟ್ಟಿಗೆ ಒಂದೇ ಅರ್ಥ. ಒಮ್ಮೆ ಕಲಿತರೆ ಸಾಯುವ ತನಕ ಕೈಬಿಡುವುದಿಲ್ಲ. ಗೆಟ್ ಆಫ್ ಎಂದರೆ ಬಸ್ಸಿಳಿ, ಅದರ ಮುಂದೆ ವಿತ್ ಸೇರಿಸಿದರೆ ಏನಾಗುತ್ತದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಕಲಿಯುವ ಮಕ್ಕಳಿಗೆ ಇಂಥದ್ದನ್ನು ಕೊಟ್ಟು ಪರೀಕ್ಷೆ ಮಾಡುವುದಾದರೂ ಹೇಗೆ ಎಂದು ನಮ್ಮ ಮೇಷ್ಟ್ರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಮಾವನಿಗೆ ಈ ನನ್ನ ವಾದವನ್ನೆಲ್ಲ ಹೇಳಿದ್ದೆ. ಅವರು ಸಿಟ್ಟಾಗಲಿಲ್ಲ. ಒಂದು ವಿಷಯ ಹೇಳಿದರು. ಅವರ ಬೀದಿಯಲ್ಲಿ ಒಬ್ಬ ಹೆಂಗಸು, ಗಂಡ ಮಿಲಿಟರಿಯಲ್ಲಿದ್ದು ತೀರಿಹೋಗಿದ್ದರು. ಪಿಂಚಣಿ ನಿಂತುಹೋಗಿತ್ತು. ಕಾಗದ ಹೋಗಬೇಕಾದ್ದು ಅಲಹಾಬಾದಿನ ಪಿಂಚಣಿ ಕಚೇರಿಗೆ. ಆ ಕಚೇರಿಯವರಿಗೆ ಕನ್ನಡ ಬರುವುದಿಲ್ಲ, ಈಯಮ್ಮನಿಗೆ ಹಿಂದಿ ಬರುವುದಿಲ್ಲ. ಮಾವ ಕೂತು "ಐ ಬೆಗ್ ಟು ಸ್ಟೇಟ್ ದ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್ ಕನ್ಸಿಡರೇಷನ್" ಎಂದು ಶುರು ಮಾಡಿ ಬರೆದರು. ಉತ್ತರ ಬಂತು, ಅದೇ ಭಾಷೆಯಲ್ಲಿ. ಮತ್ತೆ ಬರೆದರು. ಕೊನೆಗೆ ಪಿಂಚಣಿ ಬಂತು, ಬಾಕಿ ಸಮೇತ. "ಅಲ್ಲಿ ಕೂತಿದ್ದೋನೂ ನನ್ನ ಥರದ ಗುಮಾಸ್ತನೇ ಅಳಿಯಂದ್ರೇ. ಅವನೂ ಅದೇ ಪುಸ್ತಕ ಓದ್ದೋನು. ನಾನು ಗೆಟ್ಟು ಗಾಟು ಅಂತ ಬರೆದಿದ್ರೆ ಓದ್ತಾನೂ ಇರ್ಲಿಲ್ಲ." ಅವರ ಮಾತಿನಲ್ಲಿ ಸುಳ್ಳಿಲ್ಲ. ತಿಪಟೂರಿನಿಂದ ಅಲಹಾಬಾದಿಗೆ ಆ ಕಚೇರಿ ಇಂಗ್ಲಿಷ್ ಹೋಗಿ ತಲುಪಿತು. ನನಗೆ ಕೆಲಸ ಸಿಕ್ಕಿದ್ದೂ, ಈ ದೇಶಕ್ಕೆ ವೀಸಾ ಬಂದಿದ್ದೂ ಅದೇ ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳಿಂದಲೇ. ಹಾಗಾಗಿ ಇಂಗ್ಲಿಷಿನ ಮಟ್ಟಿಗೆ ಮೇಷ್ಟ್ರನ್ನು ಕ್ಷಮಿಸಿದ್ದೇನೆ ಅಂತಿಟ್ಟುಕೊಳ್ಳಿ.

ಕನ್ನಡದ ಮಟ್ಟಿಗೆ ಕ್ಷಮಿಸುವ ಲಕ್ಷಣ ಸದ್ಯಕ್ಕೆ ಕಾಣುತ್ತಿಲ್ಲ. ಇಲ್ಲಿ ಒಂದಷ್ಟು ಕನ್ನಡದ ಮನೆಗಳು ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಕರೆಯೋಲೆ ಬರೆಯುವ ಕೆಲಸ ನನಗೆ ಬಂತು. "ಯುಗಾದಿ ಹಬ್ಬಕ್ಕೆ ಎಲ್ಲರೂ ಬನ್ನಿ. ಒಬ್ಬಟ್ಟಿನ ಊಟ ಇದೆ. ಮಕ್ಕಳನ್ನೂ ಕರ್ಕೊಂಡ್ ಬನ್ನಿ" ಎಂದು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ತಿದ್ದುಪಡಿ ಶುರು. ಬನ್ನಿ ಅಂದರೆ ಮರ್ಯಾದೆ ಸಾಲದು ಎಂದರು ಒಬ್ಬರು. ಕರ್ಕೊಂಡ್ ಅನ್ನುವುದು ಬರಹದಲ್ಲಿ ಚೆನ್ನಾಗಿರಲ್ಲ ಸಾರ್ ಎಂದರು ಇನ್ನೊಬ್ಬರು. ಕೊನೆಗೆ ಹೊರಟಿದ್ದು: "ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ, ಭೋಜನವನ್ನು ಸ್ವೀಕರಿಸಬೇಕಾಗಿ ವಿನಂತಿ." ಅದರ ಕೆಳಗೆ, ಅದೇ ಚಿತ್ರದಲ್ಲಿ, ಅದೇ ಜನ ಒಪ್ಪಿದ ಇಂಗ್ಲಿಷ್ ಸಾಲು: "ಗೆಟ್ ಯುವರ್ ಟಿಕೆಟ್ಸ್ ಹಿಯರ್." ಅದನ್ನು ತಿದ್ದಿ ಎಂದು ಒಬ್ಬರೂ ಹೇಳಲಿಲ್ಲ. ಮುಂದಿನ ವರ್ಷದ ಕರೆಯೋಲೆಗೆ ನಾನು ಈಗಲೇ ಹೆಸರು ಕೊಟ್ಟಿದ್ದೇನೆ.